ಐಸಿನ ಮೇಲೆ ಕುಣಿಯುವವಳ ಅಳತೆ

ರಾಯದುರ್ಗ

ನನ್ನನ್ನು ಪರದೇಶಕ್ಕೆ ಕರೆದುಕೊಂಡು ಹೋದದ್ದು ಪ್ಯಾಂಟು. ಮೂವತ್ತೈದು ವರ್ಷದಿಂದ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಿದ್ದೇನೆ. ಹುಟ್ಟಿದ್ದು ಮಡಕಶಿರಾ ಕಡೆ, ರೊಳ್ಳದ ಹತ್ತಿರ. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಏಳನೇ ಕ್ಲಾಸಿಗೆ ಓದು ಬಿಟ್ಟು ಸೋದರಮಾವನ ಹಿಂದೆ ಬಂದೆ. ಮೊದಲ ಎರಡು ವರ್ಷ ಕೈಯಲ್ಲಿ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು. ಆಮೇಲೆ ಮಿಷನ್ನು, ಆಮೇಲೆ ಕಟಿಂಗು. ಈಗ ಸ್ಯಾಂಪಲ್ ಮಾಸ್ಟರ್. ಅಂದರೆ ಹೊಸ ನಮೂನೆಯ ಪ್ಯಾಂಟು ಬಂದರೆ ಮೊದಲನೆಯದನ್ನು ನಾನು ಹೊಲಿಯಬೇಕು. ಅದನ್ನು ನೋಡಿಕೊಂಡು ಉಳಿದವರು ಸಾವಿರ ಹೊಲಿಯುತ್ತಾರೆ. ಜಂಬಕ್ಕೆ ಹೇಳುತ್ತಿದ್ದಾನೆ ಎಂದುಕೊಂಡರೆ ಅಂದುಕೊಳ್ಳಿ. ಜಂಬವೇ.

ನಮ್ಮ ಯೂನಿಟ್ಟಿನ ಮಾಲೀಕರು ವೀರಣ್ಣನವರು. ಪೋಲೆಂಡ್ ದೇಶದಲ್ಲಿ ಬಟ್ಟೆಯವರ ಮೇಳ ಇದೆ, ಅಲ್ಲಿ ಒಂದು ಮಳಿಗೆ ಹಾಕುತ್ತೇವೆ, ಬಂದವರ ಕಣ್ಣೆದುರಿಗೇ ಹೊಲಿದು ತೋರಿಸುವವರು ಬೇಕು ಎಂದು ಒಂದು ದಿನ ನನ್ನ ಮಿಷನ್ನಿನ ಹತ್ತಿರ ಬಂದು ನಿಂತರು.

"ಮಾಸ್ಟರೇ, ಪಾಸ್‌ಪೋರ್ಟ್ ಮಾಡಸ್ರಿ. ಹೋಗಿ ಬರಾಣ."

ಪಾಸ್‌ಪೋರ್ಟಿನ ಅರ್ಜಿ ತುಂಬಿಕೊಡುವ ಅಂಗಡಿಯವನು ಎಷ್ಟು ಓದಿದ್ದೀ ಎಂದು ತೆಲುಗಿನಲ್ಲಿ ಕೇಳಿದ. ಏಳು ಎಂದೆ. ಏಳನೇ ಕ್ಲಾಸಿನವನಿಗೆ ಯೂರೋಪಿನಲ್ಲಿ ಏನು ಕೆಲಸ ಎಂದು ನಕ್ಕ. ನೀನು ಹಾಕಿರುವ ಪ್ಯಾಂಟಿನ ಎಡ ಜೇಬು ಬಲ ಜೇಬಿಗಿಂತ ಕಾಲು ಇಂಚು ಕೆಳಗಿದೆಯಪ್ಪಾ, ಅದು ಕಣ್ಣಿಗೆ ಕಾಣುವವರು ಅಲ್ಲಿಗೆ ಬೇಕಂತೆ ಎಂದು ನಾನೂ ತೆಲುಗಿನಲ್ಲೇ ಹೇಳಿದೆ. ಆಮೇಲೆ ಅವನು ತಲೆ ಬಗ್ಗಿಸಿ ತುಂಬಿಕೊಟ್ಟ.

ನನ್ನ ಹೆಂಡತಿ ಲಕ್ಷ್ಮಿ ಗುಮ್ಮಘಟ್ಟದವಳು. ಟೀವಿ ನೋಡಿ ಅವಳಿಗೆ ಒಂದೇ ಚಿಂತೆ.

"ಅಲ್ಲಿ ಯುದ್ಧ ನಡದೈತಂತಲ್ರಿ?"

"ಅದು ಪಕ್ಕದ ದೇಶ ಕಣೆ. ಯುಕ್ರೇನು. ನಾವು ಹೋಗ್ತಿರೋದು ಪೋಲೆಂಡು."

"ಪಕ್ಕದ್ದು ಅಂದ್ರ? ಇಲ್ಲಿಂದ ನಮ್ಮೂರಿದ್ದಂಗೇನ್ರಿ?"

ನಾನು ಪೆಟ್ಟಿಗೆ ಎಳೆದುಕೊಂಡೆ. ಶೇಂಗಾ ಚಟ್ನಿಪುಡಿ, ರಾಗಿ ಹಿಟ್ಟು, ನನ್ನ ಕತ್ತರಿ, ಟೇಪು, ಸೂಜಿ ಡಬ್ಬಿ ಎಲ್ಲ ಪೆಟ್ಟಿಗೆಗೆ ತುಂಬಿದೆವು.

ವೂಜ್, ಬುಧವಾರ

ಊರಿನ ಹೆಸರು ವೂಜ್. ಬೋರ್ಡಿನ ಮೇಲಿನ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದರೆ ಲೋಡ್ಜ್ ಅಂತ ಬರುತ್ತದೆ. ಬಾಯಲ್ಲಿ ಮಾತ್ರ ವೂಜ್. ವೀರಣ್ಣನವರು ವಾಪಸು ಬರುವವರೆಗೂ ಲೋಡ್ಜ್ ಅಂತಲೇ ಅಂದರು. ಒಂದು ಕಾಲದಲ್ಲಿ ಅದು ಹತ್ತಿ ಗಿರಣಿಗಳ ಊರಂತೆ. ಕೆಂಪು ಇಟ್ಟಿಗೆಯ ಗಿರಣಿಗಳು ಕೋಟೆಯ ಹಾಗೆ ನಿಂತಿವೆ. ಒಳಗೆ ಈಗ ಮಗ್ಗ ಇಲ್ಲ, ಕಾಫಿ ಅಂಗಡಿ ಇದೆ. ನಮ್ಮ ತಗಡಿನ ಶೆಡ್ಡುಗಳನ್ನು ನೂರು ವರ್ಷ ಆದಮೇಲೆ ಯಾರಾದರೂ ಹೀಗೆ ನೋಡಲು ಬರುತ್ತಾರಾ ಎಂದು ವೀರಣ್ಣನವರನ್ನು ಕೇಳಿದೆ.

"ನೂರು ವರ್ಷದ ಮಾತು ಬ್ಯಾಡ್ರಿ ಮಾಸ್ಟರೇ. ಮುಂದಿನ ಆಷಾಢದ ಗಾಳಿ ತಡಕೊಂಡ್ರ ಸಾಕು."

ಅಲ್ಲಿಯ ಜನ ಮಾತು ಕಡಿಮೆ. ರಸ್ತೆಯಲ್ಲಿ ಒಂದು ಗಾಡಿಯೂ ಇರುವುದಿಲ್ಲ, ಆದರೂ ಹಸಿರು ದೀಪ ಬರುವವರೆಗೆ ಆಚೆ ದಾಟದೆ ನಿಂತಿರುತ್ತಾರೆ. ಮೊದಲ ದಿನ ನಾನು ದಾಟಿಬಿಟ್ಟೆ. ಒಬ್ಬ ಮುದುಕಿ ಏನೂ ಅನ್ನಲಿಲ್ಲ, ಸುಮ್ಮನೆ ನೋಡಿದಳು. ನಮ್ಮಲ್ಲಿ ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ನಾವು ಇಳಿದುಕೊಂಡದ್ದು ಒಂದು ಸಣ್ಣ ಲಾಡ್ಜು. ಆ ದಿನ ಮಧ್ಯಾಹ್ನ ಸ್ನಾನ ಮಾಡಿ ಲುಂಗಿ ಬನಿಯನ್ನಿನಲ್ಲೇ ಬಾಗಿಲು ತೆರೆದು, ಅಂಗಿಗೆ ಅಂಟಿದ್ದ ದಾರದ ಚೂರು ಒದರೋಣ ಎಂದು ಒಂದು ಹೆಜ್ಜೆ ಹೊರಗಿಟ್ಟೆ. ಬಾಗಿಲು ತಾನೇ ಮುಚ್ಚಿಕೊಂಡಿತು. ಅಲ್ಲಿಯ ಬಾಗಿಲಿಗೆ ಕಾರ್ಡು ತೋರಿಸಬೇಕು, ಕಾರ್ಡು ಒಳಗೆ. ವೀರಣ್ಣನವರು ಮಳಿಗೆ ನೋಡಲು ಹೋಗಿದ್ದರು. ಒದ್ದೆ ತಲೆಯಲ್ಲಿ ಚಳಿಗೆ ಹಲ್ಲು ಕಡಿಯುತ್ತಾ ನಿಂತಿದ್ದಾಗ ಹಾಸಿಗೆ ಬಟ್ಟೆಯ ಗಾಡಿ ತಳ್ಳಿಕೊಂಡು ಒಬ್ಬ ಹೆಂಗಸು ಬಂದಳು. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು, ಎತ್ತರದ ಆಳು, ಬೆನ್ನು ನೇರ. ನಗಲಿಲ್ಲ. ತನ್ನ ಕಾರ್ಡಿನಿಂದ ಬಾಗಿಲು ತೆಗೆದು, ಗಾಡಿಯಿಂದ ಒಣ ಟವೆಲ್ಲು ಕೊಟ್ಟು ಹೋದಳು. ಅವಳ ನಡಿಗೆಯಲ್ಲಿ ಸದ್ದೇ ಇರಲಿಲ್ಲ.

ಗುರುವಾರ

ಮಾರನೇ ದಿನ ಬೆಳಿಗ್ಗೆ ಅವಳು ಹಾಸಿಗೆ ಬದಲಿಸಲು ಬಂದಾಗ ನಾನು ಕಿಟಕಿಯ ಹತ್ತಿರ ಕೂತು ವೀರಣ್ಣನವರ ಕೋಟಿನ ಒಳ ಅಸ್ತರು ಹೊಲಿಯುತ್ತಿದ್ದೆ. ಸೂಜಿ ಹೋಗುವುದನ್ನು ನಿಂತು ನೋಡಿದಳು. ಕೆಳಗೆ ಹೋಗಿ ಒಂದು ಕರಿ ಪ್ಯಾಂಟು ತಂದು ನನ್ನ ಮುಂದೆ ಹಿಡಿದಳು. ಕಾಲು ಕೂಡುವ ಜಾಗದಲ್ಲಿ ಒಂದು ಗೇಣು ಬಿಚ್ಚಿಕೊಂಡಿತ್ತು.

ಪ್ಯಾಂಟಿನ ವಿಷಯ ನನಗೆ ಹೇಳಿಕೊಡಬೇಕಾಗಿಲ್ಲ. ಮೇಳದ ಮಳಿಗೆಗೆ ತೆಗೆದುಕೊಂಡು ಹೋಗಿ ಮಿಷನ್ನಿನಲ್ಲಿ ಎರಡೆರಡು ಸಲ ಹೊಲಿಗೆ ಹಾಕಿ ಸಂಜೆ ತಂದುಕೊಟ್ಟೆ. ಅದು ಅವಳದ್ದಲ್ಲ, ಅವಳ ಜೊತೆಗಾರ ತಾರಸ್ ಎಂಬುವನದು. ಅವನೂ ಬಂದಿದ್ದ, ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವನು, ನಾಚಿಕೆಯ ಹುಡುಗ. ಪ್ಯಾಂಟು ತೊಟ್ಟು ಲಾಡ್ಜಿನ ಊಟದ ಕೋಣೆಯಲ್ಲೇ ಒಂದು ಕಾಲು ತಲೆಯ ಮಟ್ಟಕ್ಕೆ ಎತ್ತಿದ. ಹೊಲಿಗೆ ಜಪ್ಪಯ್ಯ ಅಂದರೂ ಬಿಡಲಿಲ್ಲ.

ಅವಳ ಹೆಸರು ಒಲೆನಾ. ಮಾತೆಲ್ಲ ಅವಳ ಫೋನಿನ ಮೂಲಕ. ಅವಳು ತನ್ನ ಭಾಷೆಯಲ್ಲಿ ಹೇಳಿದರೆ ಫೋನು ಕನ್ನಡದಲ್ಲಿ ಹೇಳುತ್ತಿತ್ತು, ರೇಡಿಯೋ ವಾರ್ತೆ ಓದುವವರ ಗತ್ತಿನಲ್ಲಿ. ನಾನು ಕನ್ನಡದಲ್ಲಿ ಹೇಳಿದರೆ ಅವಳ ಭಾಷೆಯಲ್ಲಿ ಯಾವುದೋ ಹೆಂಗಸಿನ ದನಿ ಬರುತ್ತಿತ್ತು.

ಅವಳು ಯುಕ್ರೇನಿನವಳು. ಕೆಲಸ ಐಸಿನ ಮೇಲೆ ಕುಣಿಯುವುದು. ಬೂಟಿನ ಕೆಳಗೆ ಕತ್ತಿಯಂಥ ಪಟ್ಟಿ ಕಟ್ಟಿಕೊಂಡು ಗಂಡು ಹೆಣ್ಣು ಜೋಡಿಯಾಗಿ ಹಾಡಿಗೆ ಕುಣಿಯಬೇಕು. ಮೇಲಕ್ಕೆ ಎಸೆಯುವ ಸರ್ಕಸ್ಸು ಇದರಲ್ಲಿ ಇಲ್ಲ. ಇಬ್ಬರೂ ಬಹಳ ದೂರ ಸರಿಯುವ ಹಾಗೂ ಇಲ್ಲ. ಇದರಲ್ಲಿ ಗಂಡಸು ಪ್ಯಾಂಟೇ ತೊಡಬೇಕೆಂದು ನಿಯಮ ಇದೆಯಂತೆ. ಆ ನಿಯಮ ಮಾಡಿದವರ ಮೇಲೆ ನನಗೆ ಗೌರವ ಬಂತು.

ಅವಳಿಗೆ ನಾಲ್ಕು ವರ್ಷ ಆದಾಗಿನಿಂದ ಅಜ್ಜಿ ಸಂತೆಗೆ ಹೋಗುವಾಗ ಪಕ್ಕದ ಐಸು ಮೈದಾನದಲ್ಲಿ ಬಿಟ್ಟು ಹೋಗುತ್ತಿದ್ದಳಂತೆ, ಮಗು ಅಲ್ಲಿ ಸುಮ್ಮನಿರುತ್ತದೆ ಎಂದು. ಹನ್ನೆರಡಕ್ಕೆ ಆಂದ್ರೀ ಎಂಬ ಹುಡುಗನ ಜೊತೆ ಜೋಡಿ ಕಟ್ಟಿದರು. ಹತ್ತು ವರ್ಷ ಅವನೊಬ್ಬನ ಜೊತೆಗೇ ಕುಣಿದಳು. ಸಣ್ಣವರ ಸ್ಪರ್ಧೆ ಗೆದ್ದರು, ದೊಡ್ಡವರ ಸಾಲಿಗೆ ಬಂದರು. ಒಂದು ವರ್ಷ ಯೂರೋಪಿನ ದೊಡ್ಡ ಸ್ಪರ್ಧೆಗೆ ಹೋಗಿ ಚೆನ್ನಾಗಿ ಮಾಡಿ ಬಂದರು. ಅಷ್ಟರಲ್ಲಿ ಯುದ್ಧ. ಅವರ ಊರಿನ ಐಸು ಮೈದಾನದ ಚಾವಣಿ ಬಿತ್ತು. ಆಂದ್ರೀ ಸೈನ್ಯಕ್ಕೆ ಹೋದ. ವಾರಕ್ಕೊಂದು ಮೆಸೇಜು ಬರುತ್ತದೆ, ಬಾರದ ವಾರ ಅವಳು ಯಾರ ಜೊತೆಗೂ ಮಾತಾಡುವುದಿಲ್ಲ ಎಂದು ತಾರಸ್ ಹೇಳಿದ. ಎರಡು ವರ್ಷ ಐಸೇ ಮುಟ್ಟದೆ, ಇಲ್ಲಿಗೆ ಬಂದು ಹೊಸದಾಗಿ ತಾರಸ್ ಜೊತೆ ಸೇರಿ ಮೊದಲಿನಿಂದ ಶುರು ಮಾಡಿದ್ದಾಳೆ. ದಿನಕ್ಕೆ ನಾಲ್ಕು ತಾಸು ಲಾಡ್ಜಿನಲ್ಲಿ ಹಾಸಿಗೆ ಬದಲಿಸುತ್ತಾಳೆ, ಉಳಿದ ಹೊತ್ತು ಐಸು.

ಈಗ ಇದೇ ಊರಿನಲ್ಲಿ ಶನಿವಾರ, ಭಾನುವಾರ ಸ್ಪರ್ಧೆ. ಯೂರೋಪಿನ ದೊಡ್ಡ ಸ್ಪರ್ಧೆಗೆ ಹೋಗಬೇಕಾದರೆ ಇಷ್ಟು ಅಂಕ ಅಂತ ಇದೆ. ಅದನ್ನು ತೆಗೆದುಕೊಳ್ಳಲು ಈ ವರ್ಷಕ್ಕೆ ಇದೇ ಕೊನೆಯ ಅವಕಾಶ. ಸಿಗದಿದ್ದರೆ ಏನು ಮಾಡುತ್ತೀಯಮ್ಮಾ ಎಂದು ಕೇಳಿದೆ. ಫೋನು ಗತ್ತಿನಲ್ಲಿ ಉತ್ತರ ಕೊಟ್ಟಿತು: "ನನಗೆ ಇಪ್ಪತ್ತೇಳು ವರ್ಷ. ಬಹುಶಃ ನಿಲ್ಲಿಸುತ್ತೇನೆ."

ಶುಕ್ರವಾರ

ಅವರ ಊರಿನಿಂದ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಪಾರ್ಸಲ್ಲು ಬಂತು. ಗಡಿ ದಾಟಿ ಬರುವ ಬಸ್ಸುಗಳಲ್ಲಿ ಡ್ರೈವರುಗಳೇ ಅಂಚೆಯವರು. ನಮ್ಮ ಕಡೆ ಬಸ್ಸಿನಲ್ಲೂ ಹಾಗೇ ಅಲ್ಲವೇ, ಊಟದ ಕ್ಯಾರಿಯರ್‌ನಿಂದ ಮದುವೆ ಕಾಗದದವರೆಗೆ? ಒಳಗಿದ್ದದ್ದು ಭಾನುವಾರದ ಕುಣಿತಕ್ಕೆ ಒಲೆನಾಳ ಹೊಸ ಉಡುಪು. ಆದರೆ ಪೂರ್ತಿ ಆಗಿರಲಿಲ್ಲ. ಹೊಲಿಯುವ ಹೆಂಗಸಿನ ಮನೆಯಲ್ಲಿ ಕರೆಂಟು ಹೋಗಿ ಹೋಗಿ ಬರುತ್ತಿತ್ತಂತೆ. ಕತ್ತರಿಸಿದ ತುಂಡುಗಳಿಗೆ ಗುಂಡುಸೂಜಿ ಚುಚ್ಚಿ ಹಾಗೇ ಕಳಿಸಿದ್ದಳು. ಎರಡು ಪಕ್ಕೆ ಕೂಡಿಸಬೇಕು, ತೋಳು ಹಚ್ಚಬೇಕು. ನೇರಳೆ ಬಣ್ಣದ ಬಟ್ಟೆ, ಎಳೆದರೆ ರಬ್ಬರಿನಂತೆ ಬರುತ್ತದೆ.

ಇಲ್ಲಿಯ ಹೊಲಿಗೆಯವರು ಎರಡು ವಾರ ಎಂದರಂತೆ. ಒಲೆನಾ ನನ್ನನ್ನು ನೋಡಿದಳು. ವೀರಣ್ಣನವರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು.

"ಮಾಸ್ಟರೇ, ನಾವು ಜೀನ್ಸಿನವ್ರು. ಇಂಥದು ಯಾವತ್ತರ ಮುಟ್ಟೀರೇನು? ಯಾಕ ಬೇಕು?"

"ಬಟ್ಟೆ ಯಾವ್ದಾದ್ರೇನು ಯಜಮಾನ್ರೇ, ದಾರ ಅದೇ ಅಲ್ವಾ. ನಾನ್ ಮಾಡ್ತೀನಿ."

ಆ ಮಾತು ಆಡಿದ್ದು ನನ್ನ ಬಾಯಿ. ಆಡಿಸಿದ್ದು ಮೊದಲೇ ಹೇಳಿದ ಆ ಜಂಬ ಎಂದು ನಿಮಗೆ ಗೊತ್ತಾಗಿರಬೇಕು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಕಡೆ ಗಂಡಸು ಟೈಲರು ಹೆಂಗಸರ ಮೈಗೆ ಟೇಪು ಹಿಡಿಯುವುದಿಲ್ಲ. ರವಿಕೆ ಹೊಲಿಸಲು ಬಂದವರು ಜೊತೆಗೆ ಒಂದು ಹಳೇ ರವಿಕೆ ತರುತ್ತಾರೆ. ಅದಕ್ಕೆ ಅಳತೆ ರವಿಕೆ ಎನ್ನುತ್ತೇವೆ. ಇರುವುದರಲ್ಲಿ ಮೈಗೆ ಚೆನ್ನಾಗಿ ಒಪ್ಪಿದ್ದು ಯಾವುದೋ ಅದನ್ನು ಕೊಡಮ್ಮಾ ಎಂದರೆ ಸಾಕು, ಅದನ್ನು ಬಟ್ಟೆಯ ಮೇಲೆ ಹರಡಿ ಸೀಮೆಸುಣ್ಣದ ಗೆರೆ ಹಾಕಿಕೊಳ್ಳುತ್ತೇವೆ. ಕಾಜಾ ಹೊಲಿಯುತ್ತಿದ್ದ ವಯಸ್ಸಿನಿಂದ ನೋಡಿದ ಪದ್ಧತಿ. ಒಲೆನಾ ಅಳತೆಗೆಂದು ಕೈ ಎತ್ತಿ ನಿಂತಾಗ ನಾನು ಟೇಪು ಜೇಬಿನಿಂದ ತೆಗೆಯಲೇ ಇಲ್ಲ. ಫೋನಿಗೆ ಹೇಳಿದೆ: ನಿನಗೆ ಎಲ್ಲಕ್ಕಿಂತ ಚೆನ್ನಾಗಿ ಒಪ್ಪಿದ ಉಡುಪು ಒಂದು ಕೊಡು.

 ಅವಳು ಲಾಡ್ಜಿನ ಕೆಳಗಿದ್ದ ತನ್ನ ಕೋಣೆಗೆ ಹೋಗಿ, ಬಿಳಿ ಕಾಗದದಲ್ಲಿ ಸುತ್ತಿದ ಒಂದು ಉಡುಪು ತಂದಳು. ಅದೇ ಜಾತಿಯ ಬಟ್ಟೆ, ಕಡು ನೀಲಿ ಬಣ್ಣ. ಕೊಡುವಾಗ ಎರಡೂ ಕೈಯಲ್ಲಿ ಕೊಟ್ಟಳು. ನಾನು ನೋಡಿದ್ದು ಹೊಲಿಗೆಯನ್ನು ಮಾತ್ರ.

ಶನಿವಾರ

ಮೇಳದ ಕೊನೆಯ ದಿನ. ಮಳಿಗೆಯಲ್ಲಿ ಜನ ಇಲ್ಲದಾಗ ಕೂತು, ನೀಲಿ ಉಡುಪಿನ ಅಳತೆಗೆ ಗೆರೆ ಹಾಕಿ ಮುಗಿಸಿದೆ. ಓವರ್‌ಲಾಕ್ ಮಿಷನ್ನು ಹೊಲಿಯುತ್ತಾ ಹೊಲಿಯುತ್ತಾ ಅಂಚಿನ ಹೆಚ್ಚುವರಿ ಬಟ್ಟೆಯನ್ನು ತಾನೇ ಕತ್ತರಿಸಿ ಹಾಕುತ್ತದೆ. ಊರಿನಲ್ಲಾದರೆ ರವಿಕೆಗೆ ಒಳಗೆ ಒಂದು ಇಂಚು ಬಟ್ಟೆ ಬಿಡುತ್ತೇವೆ, ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಎಂದು. ಇದು ಪರದೇಶದ ಕೆಲಸ, ಒಳಗೂ ಚೊಕ್ಕ ಕಾಣಬೇಕು ಎಂದು ಒಂದು ದಾರದಷ್ಟೂ ಬಿಡಲಿಲ್ಲ.

ಆ ದಿನ ಮೊದಲ ಸುತ್ತಿನ ಕುಣಿತ ಬೇರೆ ಉಡುಪಿನಲ್ಲಿ ಮುಗಿಸಿ ಬಂದಿದ್ದಳು. ಚೆನ್ನಾಗಿ ಆಯಿತಂತೆ, ಕೆನ್ನೆ ಕೆಂಪಾಗಿತ್ತು. ಸಂಜೆ ಹೊಸದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಳು. ಒಂದು ಸುಕ್ಕಿಲ್ಲ. ವೀರಣ್ಣನವರು ಕೂಡ ತಲೆದೂಗಿದರು. ಅವಳು ಒಂದು ಕೈ ಎತ್ತಿ, ಇಲ್ಲಿ ಸ್ವಲ್ಪ ಬಿಗಿ ಎಂದು ಪಕ್ಕೆ ಮುಟ್ಟಿ ತೋರಿಸಿದಳು. ಜೀನ್ಸ್ ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಅವಳಿಗೂ ಹೇಳಿದೆ: ಹೊಸದಲ್ವಾ, ಎರಡು ಸಲ ತೊಟ್ಟರೆ ಸಡಿಲ ಆಗುತ್ತೆ.

ಭಾನುವಾರ, ಐಸಿನ ಮೈದಾನ

ನೋಡಲು ಬನ್ನಿ ಎಂದು ಕರೆದಿದ್ದಳು. ಬೆಳಿಗ್ಗೆ ಅಭ್ಯಾಸದ ಹೊತ್ತಿಗೇ ಹೋದೆವು. ದೊಡ್ಡ ಶೆಡ್ಡು, ಒಳಗೆ ಬಾಯಿಂದ ಹೊಗೆ ಬರುವಷ್ಟು ಚಳಿ. ನಾವು ಹೋದಾಗ ಒಂದು ಗಾಡಿ ಐಸಿನ ಮೇಲೆ ಸುತ್ತು ಹಾಕುತ್ತಾ ಗೀರುಗಳನ್ನೆಲ್ಲ ಅಳಿಸಿ ನುಣುಪು ಮಾಡುತ್ತಿತ್ತು. ರಾಗಿ ಹೊಲಕ್ಕೆ ಹಲಗೆ ಹೊಡೆದ ಹಾಗೆ. ಆಮೇಲೆ ಜೋಡಿಗಳು ಇಳಿದರು. ಹಾಡು ಇನ್ನೂ ಹಾಕಿರಲಿಲ್ಲ. ಬೂಟಿನ ಪಟ್ಟಿಗಳು ಐಸನ್ನು ಕೊಯ್ಯುವ ಸದ್ದು ಮಾತ್ರ. ನಾನು ಕಣ್ಣು ಮುಚ್ಚಿ ಕೇಳಿದೆ. ನಮ್ಮನೆ ಹುಳುವಿನ ಕೋಣೆಯಲ್ಲಿ ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಪೊರೆ ಕಳಚಿದ ಹುಳುಗಳು ಸೊಪ್ಪು ಮೇಯುವಾಗ ಇದೇ ಸದ್ದು ಬರುತ್ತಿತ್ತು.

ಒಲೆನಾ, ತಾರಸ್ ಇಳಿದರು. ತಾರಸ್ ಅವಳನ್ನು ಸೊಂಟದಲ್ಲಿ ಹಿಡಿದು ಎತ್ತಿದ. ಅವಳು ಹಿಂದಕ್ಕೆ ಬಿಲ್ಲಿನಂತೆ ಬಾಗಿ ಎರಡೂ ಕೈ ಚಾಚಿದಳು. ನಾನು ಕೂತ ಜಾಗಕ್ಕೆ ಸದ್ದು ಬರಲಿಲ್ಲ, ಆದರೆ ಬಟ್ಟೆ ಹರಿದದ್ದು ನನ್ನ ಹಲ್ಲಿಗೆ ಗೊತ್ತಾಯಿತು. ಎರಡೂ ಕಂಕುಳ ಕೆಳಗೆ ಹೊಲಿಗೆಯ ಪಕ್ಕಕ್ಕೆ ಬೆರಳುದ್ದ ಹರಿದುಕೊಂಡಿತು. ಉಡುಪಿನ ಚೂರು ಐಸಿನ ಮೇಲೆ ಬಿದ್ದರೂ ಅಂಕ ಕಡಿತ ಎಂದು ಅವಳೇ ನನಗೆ ಹೇಳಿದ್ದಳು.

ಬಟ್ಟೆ ಬದಲಿಸುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಉಡುಪು ಹರಡಿ ನೋಡಿದೆ. ದಾರ ಗಟ್ಟಿ ಇದೆ, ಹೊಲಿಗೆ ಸರಿ ಇದೆ. ಅಳತೆಯೇ ತಪ್ಪು. ಆ ನೀಲಿ ಉಡುಪು ಎಷ್ಟು ಹಳೆಯದಮ್ಮಾ ಎಂದು ಕೇಳಿದೆ. ಯುದ್ಧಕ್ಕೆ ಮುಂಚಿನದು. ಆಂದ್ರೀ ಜೊತೆ ದೊಡ್ಡ ಸ್ಪರ್ಧೆಯಲ್ಲಿ ತೊಟ್ಟದ್ದು. ಅಲ್ಲಿಂದ ಇಲ್ಲಿಗೆ ಅವಳ ಬೆನ್ನು ಎರಡು ಬೆರಳು ಅಗಲವಾಗಿದೆ. ದಿನಕ್ಕೆ ಮೂವತ್ತು ಹಾಸಿಗೆ ಎತ್ತಿ ಬದಲಿಸುವವಳ ಬೆನ್ನು ಹಾಗೇ ಉಳಿಯುತ್ತದೆಯೇ? ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ನಾನು ಕೇಳಿದ್ದು ಎಲ್ಲಕ್ಕಿಂತ ಚೆನ್ನಾಗಿ ಒಪ್ಪಿದ್ದು. ಅವಳು ಕೊಟ್ಟದ್ದೂ ಅದನ್ನೇ.

"ಈಗೇನ್ ಮಾಡ್ತೀರಿ ಮಾಸ್ಟರೇ?" ಎಂದರು ವೀರಣ್ಣನವರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಬಿಚ್ಚಿ ಬಿಡೋಣವೆಂದರೆ ಒಳಗೆ ಬಟ್ಟೆ ಇಲ್ಲ, ಓವರ್‌ಲಾಕ್ ತಿಂದುಹಾಕಿದೆ. ನಮ್ಮ ತಾತಂದಿರ ಅಂಗಿಗೆ ಕಂಕುಳಲ್ಲಿ ಒಂದು ಚೌಕದ ತುಂಡು ಹಾಕುತ್ತಿದ್ದರು, ಕೈ ಎತ್ತಿ ಗುದ್ದಲಿ ಹಾಕಿದರೂ ಹರಿಯಬಾರದೆಂದು. ಹಾಗೆ ಹಾಕಬೇಕು. ಅದಕ್ಕೆ ಇಂಥದೇ ಎಳೆಯುವ ಬಟ್ಟೆ ಬೇಕು. ತಾರಸ್ ಊರೆಲ್ಲ ಫೋನು ಮಾಡಿದ. ಭಾನುವಾರ ಅಲ್ಲಿ ಅಂಗಡಿ ತೆರೆಯುವ ಹಾಗಿಲ್ಲವಂತೆ, ಕಾನೂನೇ ಹಾಗೆ. ನಮ್ಮ ರಾಯದುರ್ಗದಲ್ಲಿ ಬಾಗಿಲು ಬಡಿದು ಎಬ್ಬಿಸಿದರೆ ಬೈದುಕೊಂಡಾದರೂ ಒಂದು ಮೀಟರ್ ಕತ್ತರಿಸಿ ಕೊಡುತ್ತಾರೆ. ನಮ್ಮ ಮಿಷನ್ನುಗಳೂ ಮೇಳದ ಕಟ್ಟಡದಲ್ಲಿ ಬೀಗದ ಒಳಗೆ.

ಅಂಥ ಬಟ್ಟೆ ಇದ್ದದ್ದು ಒಂದೇ ಕಡೆ. ಅದು ನನ್ನ ಚೀಲದಲ್ಲೇ, ಬಿಳಿ ಕಾಗದದಲ್ಲಿ ಸುತ್ತಿಕೊಂಡಿತ್ತು. ನನಗೂ ಗೊತ್ತು, ಅವಳಿಗೂ ಗೊತ್ತು. ಕೊನೆಗೆ ಅವಳೇ ಚೀಲಕ್ಕೆ ಕೈ ಹಾಕಿ ತೆಗೆದು ಬೆಂಚಿನ ಮೇಲೆ ಹರಡಿ, ಕೆಳಗಿನ ಅಂಚನ್ನು ತೋರಿಸಿದಳು.

ನಾನು ಒಂದೇ ಏಟಿಗೆ ಎಂಬತ್ತು ಪದರ ಜೀನ್ಸ್ ಕತ್ತರಿಸಿದವನು. ಕತ್ತರಿ ತೆಗೆದೆ, ಕೈ ಮುಂದೆ ಹೋಗಲಿಲ್ಲ. ಬಟ್ಟೆಯ ಹೆದರಿಕೆ ಅಲ್ಲ ಅದು. ಇನ್ನೊಬ್ಬರ ಮನೆ ದೇವರಪಟ ಕಳಚಲು ಹೇಳಿದ ಹಾಗಿತ್ತು. ಒಲೆನಾ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡಳು, ಮೊದಲ ಕತ್ತರಿ ತಾನೇ ಹಾಕಿದಳು, ವಾಪಸು ಕೊಟ್ಟಳು. ಫೋನಿಗೆ ಒಂದೇ ಮಾತು ಹೇಳಿದಳು.

"ಆಂದ್ರೀ ಇಲ್ಲಿ ಇದ್ದಿದ್ದರೆ ಇದನ್ನೇ ಮಾಡು ಎನ್ನುತ್ತಿದ್ದ."

ಆಮೇಲೆ ನನ್ನ ಮುಂದೆ ಬಂದು ಬಲಗೈ ಮೇಲೆತ್ತಿ, ಹಿಂದಕ್ಕೆ ಬಾಗಿ, ಕುಣಿಯುವಾಗ ಹೇಗಿರುತ್ತಾಳೋ ಹಾಗೇ ನಿಂತಳು. ನಿಂತ ಮೈಯ ಅಳತೆ ಬೇರೆ, ಬಾಗಿದ ಮೈಯ ಅಳತೆ ಬೇರೆ ಎಂದು ನನಗೆ ಈ ವಯಸ್ಸಿಗೆ ಗೊತ್ತಾಯಿತು. ನನ್ನ ಹೆಂಡತಿ ಬಿಟ್ಟರೆ ಯಾವ ಹೆಂಗಸಿಗೂ ಟೇಪು ಹಿಡಿದವನಲ್ಲ. ಹಿಡಿದೆ. ಕಂಕುಳಿಂದ ಸೊಂಟದವರೆಗೆ ಬಲಗಡೆ ಅಳೆದು, ಎರಡು ತುಂಡು ಒಂದೇ ಅಳತೆಗೆ ಕತ್ತರಿಸಿದೆ. ನಮ್ಮಲ್ಲಿ ಒಂದು ಬದಿ ಅಳೆದು ಎರಡು ಬದಿಗೂ ಕತ್ತರಿಸುವುದೇ ರೂಢಿ.

ಆಮೇಲೆ ಆ ಬೆಂಚಿನ ಮೇಲೆ ಕೂತು ಮೂರು ಗಂಟೆ ಕೈಯಲ್ಲೇ ಹೊಲಿದೆ. ಹೊಲಿಗೆ ನೇರ ಹೋದರೆ ಎಳೆದಾಗ ದಾರ ಹರಿಯುತ್ತದೆ; ಅಡ್ಡಾದಿಡ್ಡಿ, ಸಣ್ಣ ಸಣ್ಣದಾಗಿ ಹಾಕಬೇಕು. ಚಳಿಗೆ ಬೆರಳು ಸೆಟೆದುಕೊಂಡಾಗ ವೀರಣ್ಣನವರು ನನ್ನ ಕೈಗೆ ಬಿಸಿ ಚಹಾದ ಲೋಟ ಹಿಡಿಸುತ್ತಿದ್ದರು, ಕುಡಿಯಲಿಕ್ಕಲ್ಲ, ಹಿಡಿದುಕೊಳ್ಳಲಿಕ್ಕೆ. ಎರಡು ಸಾವಿರ ಜನರಿಗೆ ಸಂಬಳ ಕೊಡುವವರಂತೆ ಓಡಾಡುವ ಮನುಷ್ಯ, ಸೂಜಿಗೆ ದಾರ ಪೋಣಿಸಿ ಪೋಣಿಸಿ ಇಟ್ಟರು.

ನಾಲ್ಕು ಗಂಟೆಗೆ ಅವರ ಸರದಿ ಬಂತು. ಹಾಡು ಶುರುವಾಯಿತು. ಪಕ್ಕದವರೆಲ್ಲ ಕಾಲು ನೋಡುತ್ತಿದ್ದರು, ನಾನು ಕಂಕುಳು ನೋಡುತ್ತಿದ್ದೆ. ನೇರಳೆಯ ನಡುವೆ ನೀಲಿ ತುಂಡು ಕೈ ಎತ್ತಿದಾಗ ಕಾಣುತ್ತಿತ್ತು, ಇಳಿಸಿದಾಗ ಇಲ್ಲ. ತಾರಸ್ ಎತ್ತಿದ, ಅವಳು ಬಾಗಿದಳು. ಹರಿಯಲಿಲ್ಲ. ಆಮೇಲೆ ನಾನೂ ಕುಣಿತ ನೋಡತೊಡಗಿದೆ. ಅವರಿಬ್ಬರೂ ಹೊರಗೆ ಮಾತಾಡುವುದೇ ಅಪರೂಪ. ಐಸಿನ ಮೇಲೆ ಮಾತ್ರ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತಿರುವ ಹಾಗೆ.

ಕೊನೆಯ ಭಾಗದಲ್ಲಿ ಇಬ್ಬರೂ ಅಕ್ಕಪಕ್ಕ ಒಂದೇ ಕಾಲಿನ ಮೇಲೆ ಬುಗುರಿಯಂತೆ ತಿರುಗುತ್ತಾ ಮುಂದೆ ಸಾಗಬೇಕು, ಒಂದು ಕೈ ತಲೆಯ ಮೇಲೆ ಎತ್ತಿಕೊಂಡು. ತಾರಸ್ ಮೂರು ಸುತ್ತು ತಿರುಗಿದ. ಒಲೆನಾ ಎರಡು ಸುತ್ತಿಗೆ ಇನ್ನೊಂದು ಕಾಲು ಊರಿಬಿಟ್ಟಳು. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೆ. ಮತ್ತೆ ಸೇರಿಕೊಂಡಳು, ಹಾಡು ಮುಗಿಯುವವರೆಗೆ ನಗುತ್ತಲೇ ಇದ್ದಳು.

ಅಂಕ ಬೋರ್ಡಿನ ಮೇಲೆ ಬಂತು. ಎಷ್ಟು ಬೇಕಿತ್ತೋ ನನಗೆ ಗೊತ್ತಿಲ್ಲ, ತಾರಸ್ ತಲೆಯ ಮೇಲೆ ಕೈ ಇಟ್ಟುಕೊಂಡದ್ದರಿಂದ ತಿಳಿಯಿತು. ಸ್ವಲ್ಪದರಲ್ಲಿ ಹೋಯಿತಂತೆ.

ಅವಳು ಬೂಟು ಬಿಚ್ಚುತ್ತಿದ್ದಲ್ಲಿಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ, ಬಟ್ಟೆಯಿಂದ ಆಯಿತೇನಮ್ಮಾ ಎಂದು. ಅವಳು ತಲೆಯಾಡಿಸಿ, ತನ್ನ ಮೊಣಕಾಲು ತಟ್ಟಿ ಹೇಳಿದಳು.

"ಬಟ್ಟೆ ಅಲ್ಲ. ಕಾಲು."

ನನಗೆ ಸಮಾಧಾನವಾಯಿತು. ಒಬ್ಬಳ ಇಪ್ಪತ್ತಮೂರು ವರ್ಷದ ಕೆಲಸ ಅಲ್ಲಿ ಕೂತು ಬೂಟಿನ ಲಾಡಿ ಬಿಚ್ಚುತ್ತಿದೆ, ನನಗೆ ಸಮಾಧಾನ. ಇದನ್ನು ಬರೆಯದೆ ಬಿಡಬಹುದಿತ್ತು.

ಸೋಮವಾರ

ನಾವು ಹೊರಡುವ ದಿನ. ಅವಳು ಎಂದಿನಂತೆ ಹಾಸಿಗೆಯ ಗಾಡಿ ತಳ್ಳಿಕೊಂಡು ಬಂದಳು. ನಾನು ರಾತ್ರಿಯೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಇನ್ನು ಕುಣಿಯುವುದಿಲ್ಲ ಎಂದ ಮೇಲೆ ನೇರಳೆ ಉಡುಪಿನಿಂದ ಅವಳಿಗೇನು? ಆ ನೀಲಿ ತುಂಡು ಬಿಚ್ಚಿ ಹಳೆಯದಕ್ಕೇ ಕೂಡಿಸಿಕೊಡುತ್ತೇನೆ, ಗುರುತು ಕಾಣುತ್ತದೆ, ಆದರೆ ಉಡುಪು ಪೂರ್ತಿಯಾಗುತ್ತದೆ ಎಂದು ಫೋನಿಗೆ ಹೇಳಿದೆ.

ಫೋನು ಅವಳ ಭಾಷೆಯಲ್ಲಿ ಹೇಳಿ ಮುಗಿಸಿತು. ಅವಳು ಬೇಡ ಎಂದು ಕೈಯಾಡಿಸಿ ಕೆಳಗೆ ಹೋದಳು. ಬೇಸರ ಮಾಡಿಕೊಂಡಳೋ ಎನ್ನುವಷ್ಟರಲ್ಲಿ ನೇರಳೆ ಉಡುಪನ್ನೇ ಕೆಲಸದ ಬಟ್ಟೆಯ ಮೇಲೆ ತೊಟ್ಟುಕೊಂಡು ಬಂದಳು.

"ಈ ಹೊಲಿಗೆ ಇನ್ನೊಂದು ವರ್ಷ ತಡೆಯುತ್ತದೆಯೇ?"

"ಇನ್ನೊಂದ್ ವರ್ಸಾನಾ?" ಎಂದೆ ನಾನು. ಫೋನಿಗೆ ಹೇಳುವುದನ್ನೇ ಮರೆತಿದ್ದೆ.

ತಾರಸ್ ಜೊತೆ ಮಾತಾಡಿದ್ದೇನೆ, ಮುಂದಿನ ವರ್ಷ ಮತ್ತೆ ಪ್ರಯತ್ನಿಸುತ್ತೇವೆ ಎಂದಳು. ತಡೆಯುತ್ತದೆ ಎಂದೆ. ಆಗ 'ಹಾಗಾದರೆ ಇದೊಂದು ಸರಿ ಮಾಡಿ' ಎಂದು ಕಾರಿಡಾರಿನ ನಡುವೆ ನಿಂತು ಕೈಗಳನ್ನು ಮೇಲೆತ್ತಿದಳು. ಬಲಗೈ ಪೂರ್ತಿ ಮೇಲೆ ಹೋಯಿತು. ಎಡಗೈ ಕಿವಿಯ ಮಟ್ಟಕ್ಕೆ ಬಂದು, ಬಟ್ಟೆ ಬಿಗಿದು, ನಿಂತಿತು. ಚಿಕ್ಕಂದಿನಿಂದ ಒಂದೇ ದಿಕ್ಕಿಗೆ ತಿರುಗಿ ತಿರುಗಿ ಐಸಿನ ಕುಣಿತದವರ ಬೆನ್ನಿನ ಎಡಗಡೆ ಬಲಗಡೆಗಿಂತ ದಪ್ಪ ಇರುತ್ತದಂತೆ. ನಾನು ಅಳೆದದ್ದು ಬಲಗಡೆ ಒಂದೇ.

ಹಿಂದಿನ ದಿನ ಆ ಬುಗುರಿ ಸುತ್ತಿನಲ್ಲಿ ಅವಳು ಎತ್ತಿಕೊಂಡಿದ್ದು ಎಡಗೈ. ನನಗೆ ಚೆನ್ನಾಗಿ ನೆನಪಿದೆ, ಅವಳು ಕೈ ಎತ್ತಿದಾಗೆಲ್ಲ ನನ್ನ ಕಣ್ಣು ಕಂಕುಳಿಗೇ ಹೋಗುತ್ತಿತ್ತಲ್ಲವೇ.

ಅವಳ ಮುಖ ನೋಡಿದೆ. ಅವಳು ಮತ್ತೆ ಮೊಣಕಾಲು ತಟ್ಟಿ, ಫೋನಿಲ್ಲದೆ, ನಮ್ಮ ಬಾಯಿಂದ ಕಲಿತ ಕನ್ನಡದಲ್ಲಿ "ಕಾಲು, ಮಾಸ್ಟರೇ" ಎಂದಳು.

ನಿಜ ಹೇಳಿದಳೋ, ನನ್ನ ಮಾನ ಉಳಿಸಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.  ಕೆಳಗಿನಿಂದ ವೀರಣ್ಣನವರು ಟ್ಯಾಕ್ಸಿ ಬರಾಕ ಇನ್ನಾ ಎರಡು ತಾಸೈತ್ರಿ ಎಂದು ಕೂಗಿ ಹೇಳಿದರು. ಟೇಪು ತೆಗೆದು ಎಡಗಡೆಗೆ ಹಿಡಿದೆ.